ಅಡಕೆಯ ಹಳದಿ ಎಲೆ ರೋಗ: ಡಿ.ಎನ್.ಎ. ಪರೀಕ್ಷೆಗೆ ಮಾದರಿಯನ್ನು ಶೀಘ್ರವಾಗಿ ಸಿದ್ಧಪಡಿಸುವ ಕ್ರಮಗಳು

ಮಳೆಗಾಲವು ಕಳೆದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳಲ್ಲಿ ಮಲೆನಾಡಿನ ಮತ್ತು ಅದರ ಸೆರಗಿನ ಅಡಕೆ ತೋಟಗಳಲ್ಲಿ ಕೆಲವು ಮರಗಳ ಹೊರಸುತ್ತಿನ ಸೋಗೆಗಳು ಹಳದಿಗೆ ತಿರುಗುವುದುಂಟು. ತೀರ್ಥಹಳ್ಳಿಯ ಕಡೆಯ ಘಟ್ಟದ ತೋಟವಾಗಲಿ, ಶಿವಮೊಗ್ಗದ ಸುತ್ತಿನ ತೋಟವಾಗಲಿ, ಭದ್ರಾವತಿಯ ಬಳಿ ನಾಲೆಯ ನೀರಿನಿಂದ ಬೆಳೆದ ತೋಟವಾಗಲಿ, ಈ ಬಣ್ಣವನ್ನು ಕಂಡ ತೋಟಗಾರನ ಮನಸ್ಸಿನಲ್ಲಿ ಏಳುವ ಪ್ರಶ್ನೆಯು ಒಂದೇ: ಇದು ಹಳದಿ ಎಲೆ ರೋಗವೋ ಅಥವಾ ಬೇರೆ ಕಾರಣದಿಂದ ಬಂದ ಹಳದಿಯೋ?

ಈ ಪ್ರಶ್ನೆಯು ಸಣ್ಣದಲ್ಲ. ನೀರು ಬಸಿಯದೆ ಬೇರು ಉಸಿರಾಡಲಾರದಾದರೂ ಸೋಗೆಯು ಹಳದಿಯಾಗುವುದು. ಬೇರುಹುಳುವು ಬೇರನ್ನು ತಿಂದರೂ ಹಳದಿಯಾಗುವುದು. ಪೋಷಕಾಂಶಗಳ ಕೊರತೆಯಾದರೂ ಹಳದಿಯಾಗುವುದು. ಈ ಮೂರಕ್ಕೂ ಪರಿಹಾರವುಂಟು. ಬಸಿಗಾಲುವೆಯನ್ನು ಆಳ ಮಾಡಿ, ಹುಳುವನ್ನು ನಿವಾರಿಸಿ, ಗೊಬ್ಬರವನ್ನು ಸರಿಪಡಿಸಿದರೆ ಮರವು ಚೇತರಿಸಿಕೊಳ್ಳುವುದು. ಹಳದಿ ಎಲೆ ರೋಗಕ್ಕಾದರೋ ಮರವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಈವರೆಗೆ ದೊರೆತಿಲ್ಲ. ರೋಗವಿಲ್ಲದ ಮರವನ್ನು ರೋಗವೆಂದು ಕಡಿದರೆ, ಹೊಸ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳು ಬೇಕು. ರೋಗವಿರುವ ಮರವನ್ನು ಆರೋಗ್ಯದ ಮರವೆಂದು ತಿಳಿದು ಅದರಿಂದ ಬೀಜದ ಗೋಟನ್ನು ಆರಿಸಿಕೊಂಡರೆ, ಮುಂದಿನ ತಲೆಮಾರಿನ ತೋಟಕ್ಕೆ ತಪ್ಪು ತಾಯಿಮರವನ್ನು ಆರಿಸಿದಂತಾಗುವುದು. ಆದಕಾರಣ ರೋಗನಿರ್ಣಯವು ನಿಜವೂ ಆಗಿರಬೇಕು, ಕಾಲಕ್ಕೆ ಸರಿಯಾಗಿಯೂ ಬರಬೇಕು.

ಇಂತಹ ನಿರ್ಣಯಕ್ಕೆ ಈಗ ಡಿ.ಎನ್.ಎ. ಪರೀಕ್ಷೆಯು ಒದಗಿದೆ. ಪರೀಕ್ಷೆಯ ಯಂತ್ರವು ಕೆಲವೇ ಗಂಟೆಗಳಲ್ಲಿ ತನ್ನ ಕೆಲಸವನ್ನು ಮುಗಿಸುವುದು. ಆದರೆ ಸೋಗೆಯ ಚೂರನ್ನು ಯಂತ್ರಕ್ಕೆ ಯೋಗ್ಯವಾದ ಶುದ್ಧ ದ್ರವವನ್ನಾಗಿ ಮಾಡುವ ಪೂರ್ವಸಿದ್ಧತೆಯೇ ಬಹು ಹೊತ್ತನ್ನೂ ಶ್ರಮವನ್ನೂ ತೆಗೆದುಕೊಳ್ಳುವುದು. ಈ ಸಿದ್ಧತೆಯನ್ನು ಹೇಗೆ ಶೀಘ್ರಗೊಳಿಸಬಹುದು, ಎಲ್ಲಿ ಶೀಘ್ರಗೊಳಿಸಕೂಡದು, ಮತ್ತು ಅದರಲ್ಲಿ ತೋಟಗಾರನ ಪಾಲು ಎಷ್ಟು ಎಂಬುದನ್ನು ಇಲ್ಲಿ ವಿವರಿಸಿದೆ.

ಸೂಕ್ಷ್ಮದರ್ಶಕಕ್ಕೆ ನಿಲುಕದ ರೋಗ

ಮಲೆನಾಡಿನ ಅಡಕೆಯ ರೋಗಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಪದ್ಧತಿಯು ಹೊಸದಲ್ಲ. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಆ ರೋಗಕ್ಕೆ ಕಾರಣವಾದ ಬೂಷ್ಟು ಫೈಟಾಪ್ಥೊರ ಎಂಬ ಜಾತಿಯದು. ಅದನ್ನು ಕೊಳೆತ ಕಾಯಿಯಿಂದ ಬೇರ್ಪಡಿಸಿ ಬೆಳೆಸಬಹುದು, ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಕಾರಣವು ತಿಳಿದುದರಿಂದಲೇ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸುವ ಕ್ರಮವು ನೆಲೆಗೊಂಡು, ಇಂದಿಗೂ ನಡೆದುಬರುತ್ತಿದೆ.

ಹಳದಿ ಎಲೆ ರೋಗವು ಹೀಗೆ ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ೧೯೧೪ರಲ್ಲಿಯೇ ಕೇರಳದ ಮಧ್ಯಭಾಗದಲ್ಲಿ ಅದು ಕಾಣಿಸಿಕೊಂಡಿತು. ಮುಂದೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಮತ್ತು ಸುಳ್ಯದ ಕಡೆಗಳಲ್ಲಿಯೂ ತೋಟಗಳನ್ನು ಹಾಳುಮಾಡಿತು. ಮಣ್ಣು, ನೀರು, ಗೊಬ್ಬರ, ಹುಳು ಎಂದು ಹಲವು ಕಾರಣಗಳನ್ನು ಊಹಿಸಿದ್ದಾಯಿತು. ೧೯೬೭ರಲ್ಲಿ ಜಪಾನಿನ ವಿಜ್ಞಾನಿಗಳು ಕೆಲವು ಸಸ್ಯರೋಗಗಳಿಗೆ ಕೋಶಭಿತ್ತಿಯೇ ಇಲ್ಲದ ಅತಿ ಸಣ್ಣ ಜೀವಿಗಳು ಕಾರಣವಾಗಿರಬಹುದೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡುಹಿಡಿದರು. ಇವುಗಳಿಗೆ ಈಗ ಫೈಟೋಪ್ಲಾಸ್ಮಾ ಎಂದು ಹೆಸರು. ೧೯೭೮ರಲ್ಲಿ ಹಳದಿ ಎಲೆ ರೋಗದ ಅಡಕೆಯಲ್ಲಿಯೂ ಇಂತಹ ಜೀವಿಗಳಿರುವುದು ಪ್ರಕಟವಾಯಿತು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯಿಂದ ಈ ಜೀವಿಯ ವಂಶವನ್ನು ಗುರುತಿಸಿ, ಅದು ಭತ್ತದ ಹಳದಿ ಕುಬ್ಜರೋಗವನ್ನುಂಟುಮಾಡುವ ಫೈಟೋಪ್ಲಾಸ್ಮಾದ ಬಳಗಕ್ಕೆ ಸೇರಿದುದೆಂದು ೧೯೧೪ರಿಂದ ಸುಮಾರು ಒಂದು ಶತಮಾನದ ತರುವಾಯ, ೨೦೧೩ರಲ್ಲಿ, ಪ್ರಕಟಿಸಿದರು.

ಫೈಟೋಪ್ಲಾಸ್ಮಾವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಗುರುತಿಸಲಾಗದು. ಬೂಷ್ಟಿನಂತೆ ತಟ್ಟೆಯಲ್ಲಿ ಸುಲಭವಾಗಿ ಬೆಳೆಸಲೂ ಆಗದು. ಅದು ಮರದ ಆಹಾರರಸವು ಹರಿಯುವ ನಾಳಗಳಲ್ಲಿ ಮಾತ್ರ ವಾಸಿಸುವುದು. ಆದ್ದರಿಂದ ಅದರ ಇರವನ್ನು ಅದರ ಡಿ.ಎನ್.ಎ.ಯಿಂದಲೇ ತಿಳಿಯಬೇಕಾಗಿದೆ.

ಡಿ.ಎನ್.ಎ. ಪರೀಕ್ಷೆಯ ತತ್ತ್ವ

ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಡಿ.ಎನ್.ಎ. ಎಂಬ ನೂಲಿನಂತಹ ವಸ್ತುವಿರುವುದು. ಆ ಜೀವಿಯ ರಚನೆಗೆ ಬೇಕಾದ ಲೆಕ್ಕವೆಲ್ಲವೂ ಅದರಲ್ಲಿ ಬರೆದಿಟ್ಟಂತಿರುತ್ತದೆ. ಅಡಕೆಯ ಲೆಕ್ಕವೇ ಬೇರೆ, ಫೈಟೋಪ್ಲಾಸ್ಮಾದ ಲೆಕ್ಕವೇ ಬೇರೆ. ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬುವರು ೧೯೮೩ರಲ್ಲಿ ಯೋಚಿಸಿದ ಪಿ.ಸಿ.ಆರ್. ಎಂಬ ವಿಧಾನದಿಂದ, ಬೇಕಾದ ಜೀವಿಯ ಡಿ.ಎನ್.ಎ.ಯ ಒಂದು ಗುರುತಿನ ತುಂಡನ್ನು ಮಾತ್ರ ಮತ್ತೆ ಮತ್ತೆ ಇಮ್ಮಡಿಗೊಳಿಸಬಹುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ೩೦ ಸುತ್ತುಗಳು ಸರಿಯಾಗಿ ನಡೆದರೆ ಒಂದು ತುಂಡು ೧೦೭ ಕೋಟಿಯಷ್ಟಾಗುವುದು. ಆಗ ಅದನ್ನು ಕಾಣುವುದು ಸುಲಭ. ಈ ಶೋಧನೆಗಾಗಿ ಮುಲ್ಲಿಸ್ ಅವರಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಶಿವಮೊಗ್ಗ ಜಿಲ್ಲೆಯ ಜನರಿಗೆ ಇಂತಹ ಪರೀಕ್ಷೆಯು ಅಪರಿಚಿತವಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಯನ್ನು ಈಗ ನಿರ್ಣಯಿಸುವುದು ಇದೇ ಜಾತಿಯ ವಿಧಾನದಿಂದ. ಅಲ್ಲಿ ಹುಡುಕುವುದು ವೈರಸ್ಸಿನ ಆರ್.ಎನ್.ಎ.ಯನ್ನು. ೨೦೨೦ರ ಕೊರೋನಾ ಕಾಲದಲ್ಲಿ ಮೂಗು ಗಂಟಲುಗಳಿಂದ ದ್ರವವನ್ನು ತೆಗೆದು ಪರೀಕ್ಷಿಸಿದುದೂ ಇದೇ ತತ್ತ್ವದ ಮೇಲೆ. ಆದರೆ ಗಂಟಲಿನ ದ್ರವದಿಂದ ಆರ್.ಎನ್.ಎ.ಯನ್ನು ತೆಗೆಯುವುದಕ್ಕೂ, ಅಡಕೆಯ ಸೋಗೆಯಿಂದ ಡಿ.ಎನ್.ಎ.ಯನ್ನು ತೆಗೆಯುವುದಕ್ಕೂ ಬಹಳ ಅಂತರವುಂಟು.

ಸೋಗೆಯಿಂದ ತೆಗೆಯುವುದು ಏಕೆ ಕಷ್ಟ

ಮೊದಲನೆಯದಾಗಿ, ಸಸ್ಯದ ಕೋಶಕ್ಕೆ ಗಟ್ಟಿಯಾದ ಗೋಡೆಯುಂಟು. ಅಡಕೆಯ ಸೋಗೆಯ ನಾರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದಾಗಿ, ಕೋಶವು ಒಡೆದ ಕೂಡಲೇ ಅದರೊಳಗಿನ ಕೆಲವು ಕಿಣ್ವಗಳು ಡಿ.ಎನ್.ಎ.ಯನ್ನು ಕತ್ತರಿಸಲು ಪ್ರಾರಂಭಿಸುವುವು. ಮೂರನೆಯದಾಗಿ, ಅಡಕೆಯಲ್ಲಿ ಚೊಗರು ಹೆಚ್ಚು. ಹಸಿ ಅಡಕೆಯನ್ನು ಬೇಯಿಸಿದ ನೀರು ಕೆಂಪೇರಿ ದಪ್ಪನಾದ ಚೊಗರಾಗುವುದನ್ನೂ, ಅದು ಬಟ್ಟೆಗೆ ತಗಲಿದರೆ ಹೋಗದಿರುವುದನ್ನೂ ಮಲೆನಾಡಿನವರೆಲ್ಲರೂ ಬಲ್ಲರು. ಅದೇ ಜಾತಿಯ ಒಗರು ವಸ್ತುಗಳು ಸೋಗೆಯಲ್ಲಿಯೂ ಇರುವುವು. ಸೋಗೆಯನ್ನು ಅರೆದ ಕೂಡಲೇ ಗಾಳಿ ತಾಗಿ ಇವು ಕಂದುಬಣ್ಣಕ್ಕೆ ತಿರುಗಿ ಡಿ.ಎನ್.ಎ.ಗೆ ಅಂಟಿಕೊಳ್ಳುವುವು, ಪಿ.ಸಿ.ಆರ್. ಕ್ರಿಯೆಯನ್ನೂ ತಡೆಯುವುವು. ನಾಲ್ಕನೆಯದಾಗಿ, ಮಾದರಿಯಲ್ಲಿ ದೊರೆಯುವ ಡಿ.ಎನ್.ಎ.ಯಲ್ಲಿ ಬಹುಭಾಗವು ಅಡಕೆಮರದ್ದೇ. ಫೈಟೋಪ್ಲಾಸ್ಮಾದ ಪಾಲು ಸಾಮಾನ್ಯವಾಗಿ ನೂರರಲ್ಲಿ ಒಂದಕ್ಕೂ ಕಡಮೆ.

ಈ ತೊಡಕುಗಳನ್ನು ನಿವಾರಿಸಲು ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಸಿ.ಟಿ.ಎ.ಬಿ. ವಿಧಾನವೆಂಬುದು. ಸುಮಾರು ೧೦೦ ಮಿಲಿಗ್ರಾಂ ತೂಕದ ಸೋಗೆಯ ಚೂರನ್ನು ಪಿಂಗಾಣಿಯ ಕುಟ್ಟಾಣಿಯಲ್ಲಿಟ್ಟು, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ನೈಟ್ರೋಜನ್ನನ್ನು ಸುರಿದರೆ, ಅದು ಗಾಜಿನಂತೆ ಪೆಡಸಾಗುವುದು. ಅದನ್ನು ಹಿಟ್ಟುಮಾಡಿ, ಸಿ.ಟಿ.ಎ.ಬಿ. ಎಂಬ ಸಾಬೂನಿನಂತಹ ವಸ್ತುವೂ ಉಪ್ಪೂ ಕೂಡಿದ ದ್ರಾವಣದಲ್ಲಿ ಕದಡಿ, ೬೫ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಅರ್ಧದಿಂದ ಒಂದು ಗಂಟೆಯವರೆಗೆ ಇಡುವರು. ಸಾಬೂನು ಕೋಶದ ಪೊರೆಗಳನ್ನು ಕರಗಿಸುವುದು. ಉಪ್ಪು ಅಂಟು ಪಿಷ್ಟಗಳನ್ನು ಡಿ.ಎನ್.ಎ.ಯಿಂದ ದೂರವಿಡುವುದು, ಜೊತೆಗೆ ಸೇರಿಸಿದ ಇನ್ನೆರಡು ವಸ್ತುಗಳು ಚೊಗರನ್ನು ಹಿಡಿದಿಟ್ಟು ಕಂದಾಗದಂತೆ ಮಾಡುವುವು. ಬಳಿಕ ಕ್ಲೋರೋಫಾರಂ ಸೇರಿಸಿ ಕುಲುಕಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕಶ್ಮಲಗಳು ಕೆಳಗೆ ನಿಲ್ಲುವುವು. ಮೇಲಿನ ತಿಳಿಯನ್ನು ಬೇರೆ ಕೊಳವೆಗೆ ತೆಗೆದು ಐಸೊಪ್ರೊಪನಾಲ್ ಸೇರಿಸಿದರೆ ಡಿ.ಎನ್.ಎ.ಯು ಬೆಳ್ಳನೆಯ ಎಳೆಯಾಗಿ ಒತ್ತರಿಸಿಕೊಳ್ಳುವುದು. ಅದನ್ನು ನೂರಕ್ಕೆ ೭೦ ಪಾಲಿನ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಶುದ್ಧದ್ರವದಲ್ಲಿ ಕರಗಿಸಬೇಕು.

ಈ ಕ್ರಮವು ನಂಬಿಕೆಗೆ ಯೋಗ್ಯವಾದುದು. ಆದರೆ ಕೆಲವೇ ಮಾದರಿಗಳಿಗೂ ಅರ್ಧ ದಿನವು ಸಂದುಹೋಗುವುದು. ಎಳೆಯು ಚೆನ್ನಾಗಿ ಒತ್ತರಿಸಲೆಂದು ರಾತ್ರಿಯೆಲ್ಲ ತಣ್ಣಗಿಟ್ಟರೆ ಮರುದಿನಕ್ಕೆ ಹೋಗುವುದು. ಕ್ಲೋರೋಫಾರಂ ವಿಷವಸ್ತು, ದ್ರವ ನೈಟ್ರೋಜನ್ ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲ. ಒಂದು ಹೋಬಳಿಯ ತೋಟಗಳಿಂದ ನೂರಾರು ಮಾದರಿಗಳು ಒಟ್ಟಿಗೆ ಬಂದರೆ ಕೆಲಸವು ವಾರಗಟ್ಟಲೆ ನಿಲ್ಲುವುದು.

ಹೊತ್ತನ್ನು ಕಡಮೆಮಾಡುವ ಕ್ರಮಗಳು

ಮೇಲಿನ ಕೆಲಸದಲ್ಲಿ ಹೊತ್ತು ಹಿಡಿಯುವ ಭಾಗಗಳು ಮೂರು: ಅರೆಯುವುದು, ಶುದ್ಧಿಗೊಳಿಸುವುದು, ಮತ್ತು ಒತ್ತರಿಸುವವರೆಗೆ ಕಾಯುವುದು. ಒಂದೊಂದಕ್ಕೂ ಬೇರೆ ಬೇರೆ ಸುಧಾರಣೆಗಳಾಗಿವೆ.

ಅರೆಯುವ ಕೆಲಸಕ್ಕೆ ಗುಂಡಿನ ಯಂತ್ರವು ಬಂದಿದೆ. ಸಣ್ಣ ಕೊಳವೆಯಲ್ಲಿ ಒಣಗಿದ ಸೋಗೆಯ ಚೂರನ್ನೂ ಉಕ್ಕಿನ ಗುಂಡನ್ನೂ ಹಾಕಿ ಯಂತ್ರದಿಂದ ಬಲವಾಗಿ ಅಲುಗಿಸಿದರೆ ಕೆಲವು ನಿಮಿಷಗಳಲ್ಲಿ ಹಿಟ್ಟಾಗುವುದು. ೯೬ ಗುಳಿಗಳ ತಟ್ಟೆಯನ್ನು ಉಪಯೋಗಿಸಿದರೆ ಅಷ್ಟು ಮಾದರಿಗಳೂ ಒಂದೇ ಸಲಕ್ಕೆ ಸಿದ್ಧವಾಗುವುವು. ಚೆನ್ನಾಗಿ ಒಣಗಿದ ಸೋಗೆಗೆ ದ್ರವ ನೈಟ್ರೋಜನ್ನಿನ ಅವಶ್ಯಕತೆಯೂ ತಪ್ಪುವುದು.

ಶುದ್ಧಿಗೊಳಿಸುವ ಕೆಲಸಕ್ಕೆ ಸಿಲಿಕಾ ವಿಧಾನವು ಒದಗಿದೆ. ತುಂಗಾ ಭದ್ರೆಯರ ಮರಳಿನಲ್ಲಿ ಹೇರಳವಾಗಿರುವ ಸಿಲಿಕಾ ಎಂಬ ವಸ್ತುವಿಗೆ, ಕೆಲವು ತೀಕ್ಷ್ಣ ಲವಣಗಳ ಸಮ್ಮುಖದಲ್ಲಿ, ಡಿ.ಎನ್.ಎ.ಯನ್ನು ಹಿಡಿದುಕೊಳ್ಳುವ ಗುಣವುಂಟು. ನೆದರ್ಲೆಂಡ್ಸಿನ ಬೂಮ್ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ಈ ಗುಣವನ್ನು ಬಳಸಿಕೊಂಡು ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಸಿಲಿಕಾದ ತೆಳು ಪದರವುಳ್ಳ ಕೊಳವೆಯ ಮೂಲಕ ರಸವನ್ನು ಹಾಯಿಸಿದರೆ ಡಿ.ಎನ್.ಎ.ಯು ಪದರದಲ್ಲಿ ನಿಲ್ಲುವುದು. ಕಶ್ಮಲವನ್ನು ತೊಳೆದುಬಿಟ್ಟು, ಕೊನೆಗೆ ಶುದ್ಧ ನೀರಿನಂತಹ ದ್ರವದಿಂದ ಡಿ.ಎನ್.ಎ.ಯನ್ನು ಬಿಡಿಸಿಕೊಳ್ಳಬಹುದು. ರಾತ್ರಿಯೆಲ್ಲ ಕಾಯುವುದು ತಪ್ಪಿ, ಸುಮಾರು ಒಂದು ಗಂಟೆಯಲ್ಲಿ ಕೆಲಸವು ಮುಗಿಯುವುದು. ಇದೇ ತತ್ತ್ವದಿಂದ ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಮಣಿಗಳನ್ನು ಮಾಡಿ, ಯಂತ್ರವೇ ಹತ್ತಾರು ಮಾದರಿಗಳನ್ನು ತೊಳೆದು ಸಿದ್ಧಪಡಿಸುವಂತೆಯೂ ಏರ್ಪಡಿಸಿದ್ದಾರೆ. ಕೊರೋನಾ ಕಾಲದಲ್ಲಿ ದೊಡ್ಡ ಪ್ರಯೋಗಶಾಲೆಗಳು ದಿನವಹಿ ಸಾವಿರಾರು ಮಾದರಿಗಳನ್ನು ಪರೀಕ್ಷಿಸಲು ಇಂತಹ ಯಂತ್ರಗಳೇ ಬಹುಮಟ್ಟಿಗೆ ನೆರವಾದುವು.

ಇನ್ನೂ ಶೀಘ್ರವಾದ ಕ್ರಮಗಳೂ ಉಂಟು. ೧೯೯೩ರಲ್ಲಿ ಪ್ರಕಟವಾದ ಒಂದು ವಿಧಾನದಲ್ಲಿ ಎಲೆಯ ಚೂರನ್ನು ಕ್ಷಾರದ್ರಾವಣದಲ್ಲಿ ಅರೆದು, ಬಹಳವಾಗಿ ತೆಳುಮಾಡಿ, ನೇರವಾಗಿ ಪಿ.ಸಿ.ಆರ್.ಗೆ ಉಪಯೋಗಿಸುವರು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದವರು ೨೦೧೭ರಲ್ಲಿ, ಸಾಮಾನ್ಯ ಶೋಧಕ ಕಾಗದದ ಪಟ್ಟಿಗೆ ಮೇಣದ ಹಿಡಿಯನ್ನು ಮಾಡಿ, ಅದನ್ನು ಎಲೆಯ ರಸದಲ್ಲಿ ಅದ್ದಿ, ತೊಳೆಯುವ ದ್ರವದಲ್ಲಿ ಅದ್ದಿ, ಕಡೆಗೆ ಪರೀಕ್ಷೆಯ ಕೊಳವೆಯಲ್ಲಿ ಅದ್ದುವುದರಿಂದ ಅರ್ಧ ನಿಮಿಷದೊಳಗೆ ಡಿ.ಎನ್.ಎ.ಯನ್ನು ಶುದ್ಧಿಗೊಳಿಸಬಹುದೆಂದು ತೋರಿಸಿದರು. ಅಮೆರಿಕದ ಉತ್ತರ ಕರೋಲಿನಾ ರಾಜ್ಯ ವಿಶ್ವವಿದ್ಯಾನಿಲಯದವರು ೨೦೧೯ರಲ್ಲಿ, ಅತಿ ಸಣ್ಣ ಮೊನೆಗಳಿರುವ ಅಂಟಿನ ತುಣುಕನ್ನು ಟೊಮೇಟೊ ಎಲೆಗೆ ಒತ್ತಿ ತೆಗೆದು, ಸುಮಾರು ಒಂದು ನಿಮಿಷದಲ್ಲಿ ಅಂಗಮಾರಿ ರೋಗದ ಡಿ.ಎನ್.ಎ.ಯನ್ನು ಪಡೆದರು. ಆ ಅಂಗಮಾರಿಯ ಕಾರಕವೂ ನಮ್ಮ ಕೊಳೆರೋಗದ ಕಾರಕವೂ ಒಂದೇ ಫೈಟಾಪ್ಥೊರ ಜಾತಿಗೆ ಸೇರಿದುವೆಂಬುದು ಗಮನಾರ್ಹವು.

ಪರೀಕ್ಷೆಯ ವಿಧಾನವನ್ನೇ ಬದಲಿಸಿ ಹೊತ್ತನ್ನು ಉಳಿಸುವ ಮಾರ್ಗವೂ ಒಂದುಂಟು. ಜಪಾನಿನವರು ೨೦೦೦ದಲ್ಲಿ ಪ್ರಕಟಿಸಿದ ಲ್ಯಾಂಪ್ ಎಂಬ ವಿಧಾನವು ೬೦ರಿಂದ ೬೫ ಡಿಗ್ರಿಯ ಒಂದೇ ಬಿಸಿಯಲ್ಲಿ ಸುಮಾರು ಒಂದು ಗಂಟೆಯೊಳಗೆ ಮುಗಿಯುವುದು. ಅದಕ್ಕೆ ದುಬಾರಿಯ ಯಂತ್ರವು ಬೇಕಿಲ್ಲ. ಮಾದರಿಯಲ್ಲಿ ಸ್ವಲ್ಪ ಕಶ್ಮಲವಿದ್ದರೂ ಪಿ.ಸಿ.ಆರ್.ಗಿಂತ ಚೆನ್ನಾಗಿ ತಾಳಿಕೊಳ್ಳುವುದು.

ಶೀಘ್ರತೆಯ ಮಿತಿ

ಇಷ್ಟೊಂದು ಶೀಘ್ರ ಕ್ರಮಗಳಿರುವಾಗ ಹಳೆಯ ಕ್ರಮವನ್ನು ಏಕೆ ಇಟ್ಟುಕೊಳ್ಳಬೇಕೆಂದು ಕೇಳಬಹುದು. ಉತ್ತರವು ರೋಗದ ಸ್ವಭಾವದಲ್ಲಿದೆ. ಕೊಳೆತ ಕಾಯಿಯಲ್ಲಿಯೂ ಮಚ್ಚೆಬಿದ್ದ ಎಲೆಯಲ್ಲಿಯೂ ಬೂಷ್ಟು ಹೇರಳವಾಗಿರುವುದು. ಅಲ್ಲಿ ಒಂದು ನಿಮಿಷದ ಕ್ರಮದಿಂದಲೂ ಬೇಕಾದಷ್ಟು ಡಿ.ಎನ್.ಎ.ಯು ದೊರೆಯಬಹುದು. ಹಳದಿ ಎಲೆ ರೋಗದಲ್ಲಾದರೋ ಫೈಟೋಪ್ಲಾಸ್ಮಾವು ಅತಿ ಕಡಮೆಯಾಗಿರುವುದಲ್ಲದೆ, ಮರದ ಎಲ್ಲ ಭಾಗಗಳಲ್ಲಿಯೂ ಸಮನಾಗಿ ಹರಡಿರುವುದಿಲ್ಲ. ರಸವನ್ನು ಬಹಳವಾಗಿ ತೆಳುಮಾಡಿದರೆ ಚೊಗರಿನ ಜೊತೆಗೆ ರೋಗಾಣುವಿನ ಗುರುತೂ ತೆಳುವಾಗಿ ಹೋಗಬಹುದು. ತೆಳುಮಾಡದಿದ್ದರೆ ಚೊಗರು ಪರೀಕ್ಷೆಯನ್ನೇ ತಡೆಯಬಹುದು. ಎರಡು ವಿಧದಲ್ಲಿಯೂ ರೋಗವಿರುವ ಮರಕ್ಕೆ ರೋಗವಿಲ್ಲವೆಂಬ ಉತ್ತರವು ಬರುವ ಅಪಾಯವುಂಟು.

೨೦೨೦ರಲ್ಲಿ ಆರ್.ಎನ್.ಎ. ಶುದ್ಧಿಗೊಳಿಸುವ ಸಾಮಗ್ರಿಗಳಿಗೆ ಲೋಕದಾದ್ಯಂತ ಅಭಾವವುಂಟಾದಾಗ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಜೊಲ್ಲನ್ನು ಒಂದು ಕಿಣ್ವದೊಡನೆ ಬೆರೆಸಿ ಬಿಸಿಮಾಡಿ, ಶುದ್ಧಿಗೊಳಿಸದೆಯೇ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದರು. ಹೊತ್ತೂ ಖರ್ಚೂ ಉಳಿದುವು. ಆದರೆ ವೈರಸ್ಸು ಅತಿ ಸ್ವಲ್ಪವಿರುವ ಮಾದರಿಗಳನ್ನು ಕಂಡುಹಿಡಿಯುವ ಶಕ್ತಿಯು ಇಂತಹ ಕ್ರಮಗಳಲ್ಲಿ ಸ್ವಲ್ಪ ಕುಂದುವುದು. ಬಹುಜನರನ್ನು ಬೇಗನೆ ಪರೀಕ್ಷಿಸಬೇಕಾದಲ್ಲಿ ಆ ನಷ್ಟವನ್ನು ಸಹಿಸಬಹುದು. ಬೀಜಕ್ಕೆಂದು ಆರಿಸುವ ತಾಯಿಮರದ ವಿಷಯದಲ್ಲಿ ಸಹಿಸಲಾಗದು.

ಆದ್ದರಿಂದ ಎರಡು ಹಂತದ ಕ್ರಮವು ಉಚಿತವಾಗಿದೆ. ತೋಟದಲ್ಲಿ ರೋಗವು ಪ್ರವೇಶಿಸಿದೆಯೇ ಎಂದು ನೋಡಲು ಹಲವು ಮರಗಳ ಮಾದರಿಗಳನ್ನು ಶೀಘ್ರಕ್ರಮದಿಂದ ಪರೀಕ್ಷಿಸಬಹುದು. ರೋಗವಿದೆಯೆಂದು ಬಂದರೆ ಅದಕ್ಕೆ ಬೆಲೆಯುಂಟು. ರೋಗವಿಲ್ಲವೆಂದು ಬಂದ ಮರವನ್ನು ತಾಯಿಮರವಾಗಿ ಇಟ್ಟುಕೊಳ್ಳುವುದಾದರೆ, ಅದನ್ನು ಪೂರ್ಣವಾಗಿ ಶುದ್ಧಿಗೊಳಿಸುವ ಕ್ರಮದಿಂದ ಮತ್ತೊಮ್ಮೆ, ಬೇರೆ ಕಾಲದಲ್ಲಿ ತೆಗೆದ ಮಾದರಿಯಿಂದ, ಪರೀಕ್ಷಿಸಿಯೇ ತೀರ್ಮಾನಿಸಬೇಕು.

ವರದಿಯನ್ನು ಪಡೆಯುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳತಕ್ಕದ್ದು: ಅದೇ ಮಾದರಿಯಲ್ಲಿ ಅಡಕೆಮರದ ಸ್ವಂತ ಡಿ.ಎನ್.ಎ.ಯು ಕಂಡುಬಂದಿತೇ? ಸಿದ್ಧತೆಯು ಸರಿಯಾಗಿದ್ದರೆ ಮರದ ಸ್ವಂತ ಗುರುತು ಕಾಣಲೇಬೇಕು. ಅದೂ ಕಾಣದಿದ್ದರೆ ಮಾದರಿಯು ಕೆಟ್ಟಿದೆ ಅಥವಾ ಚೊಗರು ತಡೆದಿದೆ ಎಂದರ್ಥ. ಅಂತಹ ಪರೀಕ್ಷೆಯು ನಡೆದಿಲ್ಲವೆಂದೇ ತಿಳಿಯಬೇಕು. ಮರಕ್ಕೆ ರೋಗವಿಲ್ಲವೆಂದು ತಿಳಿಯಕೂಡದು.

ತೋಟದಲ್ಲಿಯೇ ಉಳಿಸಬಹುದಾದ ಹೊತ್ತು

ಶಿವಮೊಗ್ಗದ ಮಂಡಿಯಲ್ಲಿ ಚೀಲದ ಅಡಕೆಗೆ ಬೆಲೆ ಕಟ್ಟುವುದು ಮಾದರಿಯನ್ನು ನೋಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನು ಪ್ರಾರಂಭಿಸಿ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದಿತು. ಎಲ್ಲಿಯೇ ಆಗಲಿ, ಅದಿರಿನ ರಾಶಿಯ ಯೋಗ್ಯತೆಯನ್ನು ಅಳೆಯುವುದು ಅದರಿಂದ ತೆಗೆದ ಸ್ವಲ್ಪ ಪುಡಿಯಿಂದ. ಮಾದರಿಯೇ ತಪ್ಪಾದರೆ, ತಕ್ಕಡಿ ಎಷ್ಟು ಸೂಕ್ಷ್ಮವಾದರೂ ಲೆಕ್ಕವು ತಪ್ಪೇ. ಸೋಗೆಯ ವಿಷಯವೂ ಹೀಗೆಯೇ. ಕೊಳೆತು ಬಂದ ಮಾದರಿಗಾಗಿ ಮತ್ತೆ ತೋಟಕ್ಕೆ ಹೇಳಿಕಳುಹಿಸಿ, ಮತ್ತೆ ಕೊನೆಗಾರನನ್ನು ಮರ ಹತ್ತಿಸಿ, ಮತ್ತೆ ತರಿಸುವಷ್ಟರಲ್ಲಿ ಹೋಗುವ ದಿನಗಳನ್ನು ಯಾವ ಯಂತ್ರವೂ ತಂದುಕೊಡಲಾರದು. ಆದಕಾರಣ ಈ ಕೆಳಗಿನ ಸೂಚನೆಗಳನ್ನು ಅನುಸರಿಸತಕ್ಕದ್ದು.

೧. ಮಾದರಿಯನ್ನು ತೆಗೆಯುವುದಕ್ಕೆ ಮುಂಚೆ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿ, ಯಾವ ಪ್ರಯೋಗಶಾಲೆಗೆ, ಯಾವ ದಿನ, ಮರದ ಯಾವ ಭಾಗವನ್ನು ಕಳುಹಿಸಬೇಕೆಂದು ತಿಳಿದುಕೊಳ್ಳಬೇಕು. ರೋಗಾಣುವು ಆಹಾರರಸದ ನಾಳಗಳಲ್ಲಿರುವುದರಿಂದ, ನಾಳಗಳು ಹೆಚ್ಚಾಗಿರುವ ಎಳೆಯ ಗರಿಯ ನಡುದಿಂಡು ಮೊದಲಾದ ಭಾಗಗಳು ಉಪಯುಕ್ತವಾದುವು. ಪೂರ್ಣವಾಗಿ ಒಣಗಿದ ಸೋಗೆಯು ನಿರುಪಯೋಗವು. ಮರದ ಸುಳಿಗೆ ಎಂದಿಗೂ ಗಾಯ ಮಾಡಕೂಡದು.

೨. ಹಳದಿಯಾದ ಮರಗಳಿಂದ ಮಾತ್ರವಲ್ಲದೆ, ಅದೇ ತೋಟದ ಹಸುರಾದ ಒಂದೆರಡು ಮರಗಳಿಂದಲೂ ಮಾದರಿಯನ್ನು ತೆಗೆಯಬೇಕು. ಹೋಲಿಸಿ ನೋಡಲು ಇವು ಅವಶ್ಯಕವು.

೩. ಗರಿಯ ಮೇಲೆ ಮಣ್ಣು, ಪಾಚಿ ಅಥವಾ ಬೋರ್ಡೋ ದ್ರಾವಣದ ಕಲೆಯಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು. ತಾಮ್ರದ ಅಂಶವು ಪರೀಕ್ಷೆಗೆ ಅಡ್ಡಿಯಾಗುವುದು.

೪. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಒರೆಸಬೇಕು. ಪಿ.ಸಿ.ಆರ್. ವಿಧಾನವು ಅತಿ ಸೂಕ್ಷ್ಮವಾದುದರಿಂದ ಕತ್ತಿಗೆ ಅಂಟಿದ ಒಂದು ಮರದ ರಸವು ಮತ್ತೊಂದು ಮರಕ್ಕೆ ಸುಳ್ಳು ರೋಗವನ್ನು ತೋರಿಸಬಹುದು.

೫. ಮಾದರಿಯನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಟ್ಟಿ ಬಿಸಿಲಿನಲ್ಲಿಡಕೂಡದು. ಅದು ಬೆವತು ಕೊಳೆಯುವುದು. ಅದೇ ದಿನ ತಲಪಿಸುವುದಾದರೆ ಒಣ ಕಾಗದದಲ್ಲಿ ಸುತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬೇಕು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ೨೦ ಕಿಲೋಮೀಟರು ಮಾತ್ರವಾದುದರಿಂದ ಅಲ್ಲಿನವರಿಗೆ ಇದು ಕಷ್ಟವಲ್ಲ.

೬. ದೂರದ ಪ್ರಯೋಗಶಾಲೆಗೆ ಕಳುಹಿಸುವುದಾದರೆ ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳುಗಳು ಶ್ರೇಷ್ಠವು. ಗರಿಯನ್ನು ಸಣ್ಣಗೆ ಕತ್ತರಿಸಿ, ಅದರ ತೂಕಕ್ಕೆ ಹತ್ತರಷ್ಟು ಹರಳುಗಳೊಡನೆ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟರೆ ಒಂದು ದಿನದೊಳಗೆ ಒಣಗುವುದು. ಎಷ್ಟು ಬೇಗ ಒಣಗುವುದೋ ಅಷ್ಟು ಡಿ.ಎನ್.ಎ.ಯು ಉಳಿಯುವುದು. ಹೀಗೆ ಒಣಗಿದ ಮಾದರಿಯು ಅಂಚೆಯಲ್ಲಿ ಕೆಡುವುದಿಲ್ಲ. ಗುಂಡಿನ ಯಂತ್ರದಲ್ಲಿ ಬೇಗನೆ ಹಿಟ್ಟೂ ಆಗುವುದು. ಈ ಪದ್ಧತಿಯು ೧೯೯೧ರಿಂದ ಸಸ್ಯಶಾಸ್ತ್ರಜ್ಞರಲ್ಲಿ ಬಳಕೆಯಲ್ಲಿದೆ.

೭. ಪ್ರತಿಯೊಂದು ಮಾದರಿಯ ಮೇಲೆ ಸೀಸದಕಡ್ಡಿಯಿಂದ ಮರದ ಸಂಖ್ಯೆ, ಸರ್ವೆ ನಂಬರು ಮತ್ತು ತೆಗೆದ ದಿನಾಂಕವನ್ನು ಬರೆಯಬೇಕು. ಮರದ ಮೇಲೂ ಅದೇ ಸಂಖ್ಯೆಯನ್ನು ಬಣ್ಣದಿಂದ ಬರೆಯಬೇಕು. ವರದಿಯು ಬಂದಾಗ ಯಾವ ಮರವೆಂದು ತಿಳಿಯದಿದ್ದರೆ ಮಾಡಿದ ಶ್ರಮವೆಲ್ಲವೂ ವ್ಯರ್ಥವು.

ವರದಿಯು ಬಂದ ಮೇಲೆ

ಪರೀಕ್ಷೆಯ ವರದಿಯನ್ನು ಮರದ ಲಕ್ಷಣಗಳೊಡನೆ ಸೇರಿಸಿಯೇ ಓದಬೇಕು. ಹಳದಿ ಎಲೆ ರೋಗದಲ್ಲಿ ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುವುವು, ಹಳದಿಗೂ ಹಸುರಿಗೂ ನಡುವಣ ಗೆರೆಯು ಸ್ಪಷ್ಟವಾಗಿರುವುದು, ಕ್ರಮೇಣ ಸೋಗೆಗಳು ಗಿಡ್ಡವಾಗಿ ತಲೆಯು ಸಣ್ಣದಾಗುವುದು, ಕಾಯಿ ಉದುರುವುದು, ಅಡಕೆಯ ತಿರುಳು ಕಂದಿ ಬೆಲೆಯಿಲ್ಲದಾಗುವುದು, ಬೇರಿನ ತುದಿಗಳು ಕಪ್ಪಾಗುವುವು.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಹಿಂದೆ ಗದ್ದೆಯಾಗಿದ್ದ ಭೂಮಿಯನ್ನು ತೋಟ ಮಾಡಿದ ಕಡೆ ನೀರು ನಿಲ್ಲುವುದೇ ಹಳದಿಗೆ ಕಾರಣವಾಗಿರಬಹುದು. ಅಂತಹ ತೋಟದ ಮಾದರಿಗಳಲ್ಲಿ ಮರದ ಸ್ವಂತ ಗುರುತು ಚೆನ್ನಾಗಿ ಕಂಡು ಫೈಟೋಪ್ಲಾಸ್ಮಾದ ಗುರುತು ಕಾಣದಿದ್ದರೆ, ಮೊದಲು ಬಸಿಗಾಲುವೆಯನ್ನೂ ಬೇರನ್ನೂ ನೋಡತಕ್ಕದ್ದು. ಮರವನ್ನು ಕಡಿಯಲು ಆತುರಪಡಕೂಡದು.

ರೋಗವು ಖಚಿತವಾದರೂ ತೋಟವನ್ನೆಲ್ಲ ಕೈಬಿಡಬೇಕಾಗಿಲ್ಲ. ನೀರು ಬಸಿಯುವ ಏರ್ಪಾಡನ್ನು ಸರಿಪಡಿಸಿ, ಶಿಫಾರಸು ಮಾಡಿರುವಂತೆ ಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್ ಮತ್ತು ೧೨ ಕಿಲೋಗ್ರಾಂಗಳಂತೆ ಹಸುರೆಲೆಯನ್ನೂ ಕಾಂಪೋಸ್ಟನ್ನೂ ಕೊಟ್ಟರೆ ಮರಗಳು ಕೆಲವು ಕಾಲ ಫಲವನ್ನು ಕೊಡುತ್ತಿರುವುವು. ತೀರ ಬಡವಾದ ಮರಗಳನ್ನು ಮಾತ್ರ ತೆಗೆದುಹಾಕಬೇಕು. ರೋಗವು ಬಲವಾಗಿರುವ ತೋಟದ ನಡುವೆಯೂ ಹಲವು ವರ್ಷಗಳಿಂದ ಹಸುರಾಗಿ ನಿಂತಿರುವ ಮರವಿದ್ದರೆ ಅದು ಅಮೂಲ್ಯವಾದುದು. ಅಂತಹ ಮರವನ್ನು ಗುರುತಿಟ್ಟು, ಪೂರ್ಣಕ್ರಮದಿಂದ ಎರಡು ಸಲ ಪರೀಕ್ಷೆ ಮಾಡಿಸಿ, ಸಂಶೋಧಕರ ಗಮನಕ್ಕೆ ತರುವುದು ಎಲ್ಲ ತೋಟಗಾರರ ಹಿತಕ್ಕೂ ಆವಶ್ಯಕವು.

ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಬಹಳ ಉಪಕಾರವನ್ನು ಮಾಡಬಹುದು. ಒಬ್ಬೊಬ್ಬ ತೋಟಗಾರನೂ ಬೇರೆ ಬೇರೆ ದಿನಗಳಲ್ಲಿ ಒಂದೊಂದು ಮಾದರಿಯನ್ನು ತೆಗೆದುಕೊಂಡು ಹೋಗುವುದಕ್ಕಿಂತ, ಇಡೀ ಗ್ರಾಮದ ಮಾದರಿಗಳನ್ನು ಒಂದೇ ದಿನ ಒಂದೇ ಕ್ರಮದಿಂದ ತೆಗೆಸಿ, ಪಟ್ಟಿ ಮಾಡಿ, ಒಟ್ಟಿಗೆ ಕಳುಹಿಸಿದರೆ, ೯೬ ಗುಳಿಗಳ ತಟ್ಟೆಯು ಒಂದೇ ಸಲಕ್ಕೆ ತುಂಬುವುದು. ಪ್ರಯೋಗಶಾಲೆಯ ಹೊತ್ತೂ ತೋಟಗಾರರ ಹಣವೂ ಉಳಿಯುವುವು. ಯಾವ ಮಗ್ಗುಲಿನಿಂದ ರೋಗವು ಬರುತ್ತಿದೆಯೆಂಬುದು ಗ್ರಾಮದ ನಕ್ಷೆಯ ಮೇಲೆ ಗೊತ್ತಾಗುವುದು. ಯಂತ್ರಗಳ ವೇಗವು ಇನ್ನೂ ಹೆಚ್ಚಬಹುದು. ಆದರೆ ಶುಚಿಯಾದ ಕತ್ತಿಯಿಂದ ಕತ್ತರಿಸಿ, ಬೇಗನೆ ಒಣಗಿಸಿ, ಸರಿಯಾಗಿ ಗುರುತು ಬರೆದ ಗರಿಯೇ ಶೀಘ್ರಪರೀಕ್ಷೆಯ ಮೊದಲನೆಯ ಮೆಟ್ಟಿಲು.